ಉಪಕಾರ ಬೇಡ, ಉತ್ತರ ಬೇಕು

(ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ದೊಡ್ಡ ವಿಷಯಗಳ ಬಗ್ಗೆ ಮಾತಾಡುವುದು ಸುಲಭ. ದೇಶ, ಪ್ರಜಾಪ್ರಭುತ್ವ, ಅಭಿವೃದ್ಧಿ ಮುಂತಾದ ಪದಗಳನ್ನು ಬಳಸಿ ಒಂದು ಗಂಟೆಯ ಭಾಷಣವನ್ನು ಯಾರೂ ಮಾಡಬಹುದು. ಆದರೆ ಇಂದು ನನಗೆ ಕೊಟ್ಟಿರುವ ವಿಷಯ ಬಹಳ ಸಣ್ಣದು. ಅದು ನಮ್ಮ ಮನೆಯ ಗೇಟಿನ ಮುಂದೆಯೇ ಬಿದ್ದಿರುವ ವಿಷಯ. ಮುರಿದ ಚರಂಡಿ, ಬಾರದ ನೀರು, ಎತ್ತದ ಕಸ, ಕಚೇರಿಯಿಂದ ಕಚೇರಿಗೆ ಅಲೆದರೂ ಕೈಗೆ ಸಿಗದ ಒಂದು ಹಾಳೆ. ಸಣ್ಣ ವಿಷಯವೆಂದೇ ನಾವು ಇದನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದೇವೆ. ಈ ಸಹನೆಯಲ್ಲಿಯೇ ಒಂದು ದೊಡ್ಡ ತಪ್ಪು ಅಡಗಿದೆ ಎಂಬುದನ್ನು ಹೇಳಲಿಕ್ಕಾಗಿ ನಾನು ಇಲ್ಲಿ ನಿಂತಿದ್ದೇನೆ.

ಒಂದು ಘಟನೆಯಿಂದ ಆರಂಭಿಸುತ್ತೇನೆ. ನಾನು ವಾಸಿಸುವ ಬೀದಿಯಲ್ಲಿ ಚರಂಡಿಯ ಮೇಲಿನ ಒಂದು ಚಪ್ಪಡಿ ಕಲ್ಲು ಮುರಿದು ಬಿತ್ತು. ನಮ್ಮಲ್ಲಿ ಪಾದಚಾರಿ ದಾರಿ ಎಂದರೆ ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳೇ ಎಂಬುದು ನಿಮಗೆಲ್ಲ ಗೊತ್ತು. ಒಂದು ಮುಂಜಾನೆ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಆ ಗುಂಡಿಗೆ ಕಾಲಿಟ್ಟು ಬಿದ್ದರು. ಕಾಲಿನ ಮೂಳೆ ಮುರಿಯಿತು. ಬೀದಿಯೆಲ್ಲ ಸೇರಿತು. ಕೆಲವರು ಸರಕಾರವನ್ನು ಬೈದರು, ಕೆಲವರು ಅಧಿಕಾರಿಗಳನ್ನು ಬೈದರು. ಯುವಕರು ಮೇಷ್ಟ್ರನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಮತ್ತೊಬ್ಬರು ಮರದ ಕೊಂಬೆಯೊಂದನ್ನು ತಂದು ಆ ಗುಂಡಿಯಲ್ಲಿ ನೆಟ್ಟರು, ಇನ್ನಾರೂ ಬೀಳದಿರಲಿ ಎಂದು. ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಆ ಕೊಂಬೆ ನಾಲ್ಕು ತಿಂಗಳು ಅಲ್ಲಿಯೇ ಇತ್ತು. ಅದರ ಎಲೆಗಳು ಒಣಗಿ ಉದುರಿದವು. ಯಾರೋ ಅದರ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದರು. ಆ ನಾಲ್ಕು ತಿಂಗಳಲ್ಲಿ ನಮ್ಮ ಬೀದಿಯ ಒಬ್ಬನೇ ಒಬ್ಬ ವ್ಯಕ್ತಿ ಸಂಬಂಧಪಟ್ಟ ಕಚೇರಿಗೆ ಒಂದು ಅರ್ಜಿ ಬರೆದಿರಲಿಲ್ಲ. ಊರಿನ ಸಮಸ್ಯೆಗಳ ಬಗ್ಗೆ ಪತ್ರಿಕೆಯಲ್ಲಿ ಬರೆಯುವುದನ್ನೇ ವೃತ್ತಿಯಾಗಿಸಿಕೊಂಡಿರುವ ನಾನೂ ಬರೆದಿರಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತನ್ನು ಆಡುವ ಅರ್ಹತೆ ನನಗಿಲ್ಲ.

ನಾವೇಕೆ ಬರೆಯಲಿಲ್ಲ? ಯಾರಿಗೆ ಬರೆಯಬೇಕೆಂದು ತಿಳಿದಿರಲಿಲ್ಲ ಎಂಬುದು ಒಂದು ಕಾರಣ. ಬರೆದರೆ ಪ್ರಯೋಜನವಿಲ್ಲ ಎಂಬ ನಂಬಿಕೆ ಎರಡನೆಯದು. ಆದರೆ ನಿಜವಾದ ಕಾರಣ ಬೇರೆಯೇ ಇದೆ. ನಗರದಲ್ಲಿ ಬದುಕುವವನು ತನ್ನ ಕಷ್ಟದಿಂದ ಪಾರಾಗಲು ಎರಡು ದಾರಿಗಳನ್ನು ಕಂಡುಕೊಂಡಿದ್ದಾನೆ. ಒಂದು ಹಣದ ದಾರಿ, ಇನ್ನೊಂದು ವಶೀಲಿಯ ದಾರಿ. ಈ ಎರಡೂ ಇರುವವರೆಗೆ ಮೂರನೆಯ ದಾರಿಯ ಅಗತ್ಯ ಅವನಿಗೆ ಕಾಣುವುದಿಲ್ಲ.

ಮೊದಲು ಹಣದ ದಾರಿಯನ್ನು ನೋಡೋಣ. ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರುತ್ತದೆ. ಹಂತ ಹಂತವಾಗಿ ಪಂಪ್ ಮಾಡಿ ಅದನ್ನು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಬೇಕು. ಇಷ್ಟು ಕಷ್ಟಪಟ್ಟು ಬರುವ ನೀರು ಎಲ್ಲರ ಮನೆಗೂ ಸಮನಾಗಿ ತಲುಪುತ್ತದೆಯೇ? 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿಕೊಳ್ಳಲಾಯಿತು. ಅವು ಅಂದಿನಿಂದಲೇ ನಗರವಾದವು. ಆದರೆ ಮುಖ್ಯವಾಗಿ ಅವುಗಳಿಗಾಗಿ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ನೀರು ಪೂರೈಸುವ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದುದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷಗಳು ಕಳೆದಿದ್ದವು. ಈ ಹದಿನೇಳು ವರ್ಷಗಳಲ್ಲಿ ಆ ಪ್ರದೇಶದ ಜನರು ಏನು ಮಾಡಿದರು? ಕೊಳವೆ ಬಾವಿ ಕೊರೆಸಿದರು. ಅದು ಬತ್ತಿದಾಗ ಇನ್ನೂ ಆಳಕ್ಕೆ ಕೊರೆಸಿದರು. ಅದೂ ಬತ್ತಿದಾಗ ಟ್ಯಾಂಕರ್ ತರಿಸಿದರು.

2024ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ನಗರದಲ್ಲಿ ನೀರಿಗೆ ಹಾಹಾಕಾರವೆದ್ದಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಪ್ರಕಟಿಸಿತು. ಟ್ಯಾಂಕರ್‌ಗಳ ದರ ಮನಬಂದಂತೆ ಏರಿದಾಗ ಜಿಲ್ಲಾಡಳಿತವೇ ಮಧ್ಯ ಪ್ರವೇಶಿಸಿ ದರ ನಿಗದಿ ಮಾಡಬೇಕಾಯಿತು. ಅಂದರೆ ಸಾರ್ವಜನಿಕ ಸೇವೆಯಾಗಿರಬೇಕಾದ ನೀರು ಮಾರುಕಟ್ಟೆಯ ಸರಕಾಗಿ ಎಷ್ಟೋ ಕಾಲವಾಗಿತ್ತು. ಕೊಳ್ಳುವ ಶಕ್ತಿಯಿದ್ದವನು ಕೊಂಡ. ತಗಡಿನ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದ ಕೂಲಿ ಕಾರ್ಮಿಕನು ಕೊಡ ಹಿಡಿದು ಸಾಲಿನಲ್ಲಿ ನಿಂತ, ಅಂದಿನ ಕೂಲಿಯನ್ನು ಕಳಕೊಂಡ. ಬಡವನಿಗೆ ನೀರು ಸಿರಿವಂತನಿಗಿಂತ ದುಬಾರಿಯಾಗುವುದು ಹೀಗೆ.

ಹಣವಿದ್ದವನು ತಾನು ಪಾರಾದೆನೆಂದು ಭಾವಿಸುತ್ತಾನೆ. ನೀರಿಗೆ ಟ್ಯಾಂಕರ್ ಇದೆ, ಕರೆಂಟು ಹೋದರೆ ಯುಪಿಎಸ್ ಇದೆ, ಕುಡಿಯಲು ಕ್ಯಾನ್ ಇದೆ, ನಡೆಯಲು ದಾರಿಯಿಲ್ಲದಿದ್ದರೆ ಕಾರು ಇದೆ. ಆದರೆ ಈ ಪಾರಾಗುವಿಕೆಗೂ ಒಂದು ಮಿತಿಯಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸಿನಲ್ಲಿ ಏನಾಯಿತೆಂಬುದು ನಮಗೆ ಗೊತ್ತಿದೆ. ಕೋಟಿಗಟ್ಟಲೆ ಬೆಲೆಯ ಬಂಗಲೆಗಳಿಗೆ ನೀರು ನುಗ್ಗಿತು. ಮಾಹಿತಿ ತಂತ್ರಜ್ಞಾನ ಕಂಪನಿಗಳ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಜನರನ್ನು ದೋಣಿಗಳಲ್ಲಿ ಸಾಗಿಸಲಾಯಿತು. ಟ್ಯಾಂಕರ್ ನೀರನ್ನು ಕೊಳ್ಳಬಹುದು, ಆದರೆ ರಾಜಕಾಲುವೆಯನ್ನು ಯಾರೂ ಅಂಗಡಿಯಿಂದ ಕೊಂಡು ತರಲಾರರು. ಅದು ಎಲ್ಲರಿಗೂ ಸೇರಿದ್ದು. ಕೆಟ್ಟರೆ ಎಲ್ಲರಿಗೂ ಕೆಡುತ್ತದೆ.

ಇನ್ನು ಎರಡನೆಯ ದಾರಿ, ವಶೀಲಿಯದು. ಮಧ್ಯಮ ಹಾಗೂ ಬಡ ವರ್ಗದ ನಮ್ಮ ಬಡಾವಣೆಗಳಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಇದುವೇ. ಚರಂಡಿ ಕಟ್ಟಿಕೊಂಡರೆ ನಾವು ಕಚೇರಿಗೆ ಹೋಗುವುದಿಲ್ಲ, ಒಬ್ಬ ಮುಖಂಡನ ಮನೆಗೆ ಹೋಗುತ್ತೇವೆ. ಅವರು ಫೋನ್ ಮಾಡುತ್ತಾರೆ. ಮರುದಿನ ಜೆಸಿಬಿ ಬರುತ್ತದೆ. ಸಂಜೆ ಬೀದಿಯ ಮೂಲೆಯಲ್ಲಿ ಅವರಿಗೆ ಕೃತಜ್ಞತೆ ಸಲ್ಲಿಸುವ ಫ್ಲೆಕ್ಸ್ ಏಳುತ್ತದೆ. ಆ ಫ್ಲೆಕ್ಸನ್ನು ಕಟ್ಟುವುದು ಪಾದಚಾರಿ ದಾರಿಗೆ ಅಡ್ಡವಾಗಿ ಎಂಬುದು ಬೇರೆ ಮಾತು.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಕೆಲಸ ಆಯಿತಲ್ಲ? ಹೌದು, ಆಯಿತು. ಆದರೆ ಏನಾಯಿತೆಂಬುದನ್ನು ಸ್ವಲ್ಪ ಆಲೋಚಿಸಿ. ನಾವು ಆಸ್ತಿ ತೆರಿಗೆ ಕಟ್ಟಿದ್ದೇವೆ. ಆ ತೆರಿಗೆಯೊಂದಿಗೆ ಘನತ್ಯಾಜ್ಯದ ಶುಲ್ಕವನ್ನೂ ಕಟ್ಟಿದ್ದೇವೆ. ಬಾಡಿಗೆದಾರರೂ ಕಟ್ಟಿದ್ದಾರೆ, ಏಕೆಂದರೆ ಮಾಲೀಕನು ಅದನ್ನು ಬಾಡಿಗೆಯಲ್ಲಿ ಸೇರಿಸಿಯೇ ವಸೂಲು ಮಾಡುತ್ತಾನೆ. ಚರಂಡಿ ಸ್ವಚ್ಛವಾಗಿರುವುದು ನಮ್ಮ ಹಕ್ಕು. ಆ ಹಕ್ಕನ್ನು ಒಬ್ಬ ವ್ಯಕ್ತಿಯ ಉಪಕಾರವಾಗಿ ನಾವು ಸ್ವೀಕರಿಸಿದೆವು. ಉಪಕಾರಕ್ಕೆ ಋಣವಿರುತ್ತದೆ. ಋಣಿಯಾದವನು ಪ್ರಶ್ನೆ ಕೇಳಲಾರ. ಆ ಚರಂಡಿಯ ಕಾಮಗಾರಿಗೆ ಎಷ್ಟು ಹಣ ಮಂಜೂರಾಗಿತ್ತು, ಗುತ್ತಿಗೆದಾರ ಯಾರು, ಒಂದೇ ವರ್ಷದಲ್ಲಿ ಅದು ಕುಸಿದದ್ದೇಕೆ ಎಂದು ಕೇಳುವ ನಾಲಗೆಯನ್ನು ನಾವು ಆ ಫ್ಲೆಕ್ಸಿನ ಜೊತೆಗೇ ಕಟ್ಟಿಹಾಕಿದೆವು.

ಇನ್ನೊಂದು ಅಪಾಯವೂ ಇದೆ. ನಮ್ಮ ಬೀದಿಗೆ ಜೆಸಿಬಿ ಬಂದದ್ದು ಅಲ್ಲಿ ಮುಖಂಡರ ಪರಿಚಯಸ್ಥರಿದ್ದರು ಎಂಬ ಕಾರಣಕ್ಕೆ. ಪಕ್ಕದ ಬೀದಿಯಲ್ಲಿ ಅಂಥವರು ಇರಲಿಲ್ಲ. ಅಲ್ಲಿ ವಿಧವೆಯರಿದ್ದರು, ಹೊರ ಜಿಲ್ಲೆಗಳಿಂದ ಬಂದ ಕಟ್ಟಡ ಕಾರ್ಮಿಕರಿದ್ದರು, ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದವರಿದ್ದರು. ಅವರ ಚರಂಡಿ ಕಟ್ಟಿಕೊಂಡೇ ಉಳಿಯಿತು. ಸೊಳ್ಳೆಗಳಿಗೆ ಮಾತ್ರ ಬೀದಿಗಳ ಗಡಿ ಗೊತ್ತಿರುವುದಿಲ್ಲ. ಆ ಚರಂಡಿಯಲ್ಲಿ ಹುಟ್ಟಿದ ಸೊಳ್ಳೆ ನಮ್ಮ ಮಗುವನ್ನೂ ಕಚ್ಚುತ್ತದೆ.

ಸಹೋದರರೇ, ಹಾಗಾದರೆ ಮೂರನೆಯ ದಾರಿ ಯಾವುದು? ಅದನ್ನು ಹೇಳುವ ಮೊದಲು, ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ಒಂದೇ ರಸ್ತೆಯಲ್ಲಿ ಡಾಂಬರು ಒಬ್ಬರದು, ಅದರ ಕೆಳಗಿನ ನೀರಿನ ಕೊಳವೆ ಇನ್ನೊಬ್ಬರದು, ವಿದ್ಯುತ್ ಕಂಬ ಮತ್ತೊಬ್ಬರದು, ಸಂಚಾರ ದೀಪ ಮಗದೊಬ್ಬರದು. ಒಬ್ಬರು ಹಾಕಿದ ಡಾಂಬರನ್ನು ತಿಂಗಳೊಳಗೆ ಇನ್ನೊಬ್ಬರು ಅಗೆಯುತ್ತಾರೆ. ನಾಗರಿಕನು ಕೇಳಿದರೆ ಪ್ರತಿಯೊಬ್ಬರೂ ಪಕ್ಕದ ಬಾಗಿಲನ್ನು ತೋರಿಸುತ್ತಾರೆ. ಈ ಎಲ್ಲರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ಪ್ರಶ್ನಿಸುವ ಅಧಿಕಾರ ನಮ್ಮ ಬೀದಿಯಿಂದಲೇ ಆಯ್ಕೆಯಾದ ಪ್ರತಿನಿಧಿಗೆ ಇರಬೇಕೆಂಬುದು ಸ್ಥಳೀಯ ಸ್ವಾಯತ್ತ ಆಡಳಿತದ ಆಶಯ. ಅದಕ್ಕಾಗಿಯೇ ಸಂವಿಧಾನಕ್ಕೆ 74ನೇ ತಿದ್ದುಪಡಿಯನ್ನು ತರಲಾಯಿತು. ಅದು 1993ರ ಜೂನ್ 1ರಂದು ಜಾರಿಗೆ ಬಂತು. ನಗರಾಡಳಿತಗಳ ಅವಧಿ ಐದು ವರ್ಷ, ಆ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು 243ಯು ವಿಧಿ ಹೇಳುತ್ತದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದು 243ಎಸ್ ವಿಧಿ ಹೇಳುತ್ತದೆ.

ಬೆಂಗಳೂರಿನಲ್ಲಿ ಏನಾಯಿತು? 2006ರ ನವೆಂಬರ್‌ನಲ್ಲಿ ಅಂದಿನ ಪಾಲಿಕೆಯ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. 2015ರ ಆಗಸ್ಟ್‌ನಲ್ಲಿ ಇನ್ನೊಂದು ಚುನಾವಣೆ ನಡೆಯಿತು. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವಾರ್ಡುಗಳ ಸಂಖ್ಯೆ ಬದಲಾಯಿತು, ಮತ್ತೆ ಬದಲಾಯಿತು, ಮೀಸಲಾತಿಯ ವಿವಾದ ನ್ಯಾಯಾಲಯ ಹತ್ತಿತು, ಹೊಸ ಕಾನೂನು ಬಂತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಒಂದಿದ್ದುದು ಐದಾಯಿತು. ಆದರೆ ಆ ದಿನ ಆ ಐದರಲ್ಲಿ ಒಂದರಲ್ಲೂ ಜನರಿಂದ ಆಯ್ಕೆಯಾದ ಒಬ್ಬ ಸದಸ್ಯನೂ ಇರಲಿಲ್ಲ. ಸಂವಿಧಾನವು ಒಂದು ಪಾಲಿಕೆಗೆ ಎಷ್ಟು ಆಯುಷ್ಯ ಕೊಟ್ಟಿದೆಯೋ ಅಷ್ಟು ಕಾಲ, ಇಡೀ ಐದು ವರ್ಷ, ಈ ಮಹಾನಗರವು ಚುನಾಯಿತ ಪಾಲಿಕೆಯಿಲ್ಲದೆಯೇ ಕಳೆಯಿತು. ಕೋವಿಡ್‌ನ ಎರಡನೇ ಅಲೆ ಬಂದಾಗ, 2022ರ ನೆರೆ ಬಂದಾಗ, 2024ರ ನೀರಿನ ಬವಣೆ ಬಂದಾಗ ವಾರ್ಡಿನಲ್ಲಿ ಕದ ತಟ್ಟಲು ಒಬ್ಬ ಸದಸ್ಯ ಇರಲಿಲ್ಲ.

ಅಧಿಕಾರಿಗಳಿದ್ದರಲ್ಲ ಎನ್ನಬಹುದು. ಇದ್ದರು, ಅವರಲ್ಲಿ ಪ್ರಾಮಾಣಿಕರೂ ಇದ್ದರು. ಆದರೆ ಅಧಿಕಾರಿಯು ತನ್ನ ಮೇಲಧಿಕಾರಿಗೆ ಉತ್ತರ ಕೊಡುತ್ತಾನೆ, ನಮಗಲ್ಲ. ಅವನ ವರ್ಗಾವಣೆ ನಮ್ಮ ಕೈಯಲ್ಲಿಲ್ಲ. ಚುನಾಯಿತ ಸದಸ್ಯ ಎಷ್ಟೇ ಅಸಮರ್ಥನಾಗಿದ್ದರೂ ಐದು ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬರಲೇಬೇಕು. ವಿಪರ್ಯಾಸವೆಂದರೆ, ಈ ಐದು ವರ್ಷಗಳಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಪಾಲಿಕೆಯಲ್ಲಿ ಸದಸ್ಯರಿಲ್ಲ ಎಂಬುದು ಒಂದು ಕೊರತೆಯಾಗಿ ಕಾಣಲೇ ಇಲ್ಲ. ವಿಧಾನಸಭೆಯ ಚುನಾವಣೆ ಐದು ವರ್ಷ ತಡವಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಸದಸ್ಯರಿದ್ದಾಗಲೂ ಹಣದಿಂದ ಅಥವಾ ವಶೀಲಿಯಿಂದಲೇ ಕೆಲಸ ಮಾಡಿಸಿಕೊಂಡು ರೂಢಿಯಿದ್ದವರಿಗೆ ಅವರಿಲ್ಲದಾಗ ವ್ಯತ್ಯಾಸ ಕಾಣದಿರುವುದು ಸಹಜವೇ ಆಗಿದೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಬೆರಳು ತೋರಿಸದಿದ್ದರೆ ಅದು ನ್ಯಾಯವಾಗದು. ನಮ್ಮ ಮನೆಯ ಕಸ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ವರ್ಷಗಟ್ಟಲೆ ಅದು ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಗುತ್ತಿತ್ತು. ಆ ಹಳ್ಳಿಗಳ ಜನರು ನಮ್ಮ ಕೊಳೆತ ವಾಸನೆಯನ್ನು ಉಸಿರಾಡಿದರು, ಅವರ ಅಂತರ್ಜಲ ಕೆಟ್ಟಿತು. ಮಂಡೂರಿನ ಗ್ರಾಮಸ್ಥರು 2014ರಲ್ಲಿ ರಸ್ತೆಗಿಳಿದು ಹೋರಾಡಿದ ಬಳಿಕವಷ್ಟೇ, ಆ ವರ್ಷದ ಕೊನೆಗೆ, ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ಇದು ಬೆಂಗಳೂರಿನ ಕತೆ ಮಾತ್ರವಲ್ಲ. ಮಂಗಳೂರಿನ ಪಚ್ಚನಾಡಿಯಲ್ಲಿ ರಾಶಿ ಹಾಕಿದ್ದ ಕಸವು 2019ರ ಆಗಸ್ಟ್ ತಿಂಗಳ ಮಳೆಗೆ ಕುಸಿದು ಕೆಳಗಿನ ಮಂದಾರ ಪ್ರದೇಶಕ್ಕೆ ನುಗ್ಗಿತು. ತೋಟಗಳು ಕಸದಡಿ ಹೂತುಹೋದವು, ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಅಲ್ಲಿ ಕುಸಿದದ್ದು ನಗರದ ಸಾವಿರಾರು ಅಡುಗೆ ಮನೆಗಳಿಂದ ಬಂದ ಕಸ.

ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಹತ್ತು ವರ್ಷಗಳಷ್ಟು ಹಳೆಯ ಮಾತಿದು. ಆದರೂ ಎಷ್ಟು ಮನೆಗಳಲ್ಲಿ ಮಗುವಿನ ಡೈಪರನ್ನೂ ತರಕಾರಿ ಸಿಪ್ಪೆಯನ್ನೂ ಒಡೆದ ಗಾಜನ್ನೂ ಒಂದೇ ಚೀಲದಲ್ಲಿ ಕಟ್ಟಿ ರಾತ್ರಿಯ ಕತ್ತಲಲ್ಲಿ ಮೂಲೆಗೆ ಎಸೆಯಲಾಗುತ್ತಿಲ್ಲ? ಆ ಗಾಜು ಬೆಳಗ್ಗೆ ಪೌರಕಾರ್ಮಿಕ ಮಹಿಳೆಯ ಕೈಯನ್ನು ಕೊಯ್ಯುತ್ತದೆ. ಕಸದ ಆಟೋ ತಡವಾಯಿತೆಂದು ನಾವು ರೇಗುವುದೂ ಆಕೆಯ ಮೇಲೆಯೇ. ವ್ಯವಸ್ಥೆಯ ತಪ್ಪಿಗೆ ವ್ಯವಸ್ಥೆಯ ಕೊನೆಯ ಮೆಟ್ಟಿಲಲ್ಲಿ ನಿಂತವಳನ್ನು ಬೈಯುವುದು ಧೈರ್ಯವಲ್ಲ. ಮದುವೆ ಹಾಲ್‌ಗಳ ಹಿಂದೆ ರಾಶಿ ಬೀಳುವ ಅನ್ನವನ್ನು ನೋಡಿ. ಅಂಗಡಿಯ ಸಾಮಾನನ್ನು ಪಾದಚಾರಿ ದಾರಿಗೆ ತಂದಿಟ್ಟವರು ನಮ್ಮವರೇ. ನಮ್ಮ ಪ್ರಾರ್ಥನಾ ಮಂದಿರಗಳ ಮುಂದೆ ಶುಕ್ರವಾರವೋ ಹಬ್ಬದ ದಿನವೋ ರಸ್ತೆಗಡ್ಡವಾಗಿ ಬೈಕ್ ನಿಲ್ಲಿಸುವವರೂ ನಮ್ಮವರೇ. ಹಕ್ಕು ಕೇಳಲು ಹೊರಟವನ ಕೈ ಸ್ವಚ್ಛವಾಗಿರಬೇಕು. ಹಾಗಂತ, ನಮ್ಮ ತಪ್ಪು ತೋರಿಸಿ ಆಡಳಿತವು ತನ್ನ ಕರ್ತವ್ಯದಿಂದ ಜಾರಿಕೊಳ್ಳುವಂತಿಲ್ಲ. ಎರಡೂ ಒಟ್ಟಿಗೆ ಸರಿಯಾಗಬೇಕು.

ಈಗ ಮೂರನೆಯ ದಾರಿಯ ಕುರಿತು ಹೇಳುತ್ತೇನೆ. ಅದಕ್ಕಾಗಿ ನಿಮ್ಮನ್ನು ಮಧ್ಯಪ್ರದೇಶದ ರತ್ಲಾಂ ಎಂಬ ಪಟ್ಟಣಕ್ಕೆ ಕರೆದೊಯ್ಯಬೇಕು. ಏಕೆಂದರೆ ನಮ್ಮಂಥದೇ ಬೀದಿಯೊಂದರ ಜನ ಅಲ್ಲಿ ಇಡೀ ದೇಶಕ್ಕೆ ಒಂದು ಪಾಠ ಬರೆದಿದ್ದಾರೆ. ಅಲ್ಲಿನ ಒಂದು ವಾರ್ಡಿನಲ್ಲಿ ತೆರೆದ ಚರಂಡಿಗಳಿದ್ದವು. ಮದ್ಯದ ಕಾರ್ಖಾನೆಯ ದುರ್ನಾತದ ನೀರು ಬೀದಿಗೆ ಹರಿಯುತ್ತಿತ್ತು. ಶೌಚಾಲಯಗಳಿಲ್ಲದ ಬಡವರು ಅಲ್ಲಿಯೇ ಮಲ ವಿಸರ್ಜನೆ ಮಾಡಬೇಕಾಗಿತ್ತು. ನಿವಾಸಿಗಳು ಯಾರ ಮನೆಯ ಬಾಗಿಲಲ್ಲೂ ಕೈ ಜೋಡಿಸಿ ನಿಲ್ಲಲಿಲ್ಲ. ಸಾರ್ವಜನಿಕ ಉಪದ್ರವವನ್ನು ನಿವಾರಿಸುವಂತೆ ಆದೇಶಿಸಬಹುದಾದ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನ ಅಡಿಯಲ್ಲಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಟ್ಟರು. ಚರಂಡಿ ಸರಿಪಡಿಸಿ, ಶೌಚಾಲಯ ಕಟ್ಟಿ ಎಂದು ಮ್ಯಾಜಿಸ್ಟ್ರೇಟರು ಪುರಸಭೆಗೆ ಆದೇಶಿಸಿದರು. ಪುರಸಭೆ ಏನು ಮಾಡಿತು? ನಮ್ಮಲ್ಲಿ ಹಣವಿಲ್ಲ ಎಂದು ವಾದಿಸುತ್ತಾ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರ ಜುಲೈಯಲ್ಲಿ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಕಾನೂನು ವಿಧಿಸಿದ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಹಣದ ಕೊರತೆ ಒಂದು ನೆಪವಾಗಲಾರದು ಎಂಬುದು ಆ ತೀರ್ಪಿನ ಸಾರ.

ಗಮನಿಸಿ, ಆ ದೂರುದಾರರು ದೊಡ್ಡ ವಕೀಲರೂ ಅಲ್ಲ, ನಾಯಕರೂ ಅಲ್ಲ. ತಮ್ಮ ಮೂಗಿಗೆ ಬಡಿದ ದುರ್ನಾತವನ್ನು ಕಾಗದಕ್ಕಿಳಿಸಿದ ಸಾಮಾನ್ಯ ನಿವಾಸಿಗಳು. ಅವರು ಬಳಸಿದ ಕಲಮು ಇಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಾಗಿ ಉಳಿದಿದೆ. ಸಂಹಿತೆಯ ಹೆಸರು ಬದಲಾಗಿದೆ, ನಾಗರಿಕನ ಕೈಯಲ್ಲಿರುವ ಅಸ್ತ್ರ ಬದಲಾಗಿಲ್ಲ.

ಎಲ್ಲದಕ್ಕೂ ನ್ಯಾಯಾಲಯಕ್ಕೆ ಹೋಗಬೇಕಿಲ್ಲ. ಅದಕ್ಕಿಂತ ಮೊದಲು ನಮ್ಮ ಕೈಗೆಟಕುವ ಕೆಲಸಗಳಿವೆ. ಮೊದಲನೆಯದು, ಬಾಯಿ ಮಾತಿನಲ್ಲಿ ದೂರು ಹೇಳುವುದನ್ನು ಬಿಟ್ಟು ಬರೆದು ಕೊಡುವುದು. ಅರ್ಜಿಯ ಎರಡು ಪ್ರತಿಗಳನ್ನು ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಸಹಿ ಹಾಕಿಸಿಕೊಳ್ಳಿರಿ. ಆ ಮೊಹರು ಬಿದ್ದ ಕ್ಷಣದಿಂದ ನಿಮ್ಮ ದೂರಿಗೆ ಜೀವ ಬರುತ್ತದೆ. ನಮಗೆ ಗೊತ್ತೇ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಎರಡನೆಯದು, ಸಕಾಲ. ಕರ್ನಾಟಕವು 2011ರಲ್ಲಿ ನಾಗರಿಕ ಸೇವಾ ಖಾತರಿ ಕಾಯ್ದೆಯನ್ನು ಮಾಡಿತು. 2012ರ ಏಪ್ರಿಲ್‌ನಿಂದ ಅದು ರಾಜ್ಯಾದ್ಯಂತ ಜಾರಿಗೆ ಬಂತು. ಅದರ ಪಟ್ಟಿಯಲ್ಲಿರುವ ಸೇವೆಗಳನ್ನು ಗೊತ್ತಾದ ದಿನಗಳೊಳಗೆ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರನಿಗಿದೆ, ಅದನ್ನು ತಪ್ಪಿತಸ್ಥ ಅಧಿಕಾರಿಯಿಂದಲೇ ವಸೂಲು ಮಾಡಲಾಗುತ್ತದೆ. ಮೊತ್ತ ಸಣ್ಣದು, ನಿಜ. ಆದರೆ ನಾಳೆ ಬನ್ನಿ ಎಂಬ ಮಾತಿಗೆ ಬೆಲೆ ಕಟ್ಟಿದ ಕಾನೂನು ಇದು. ಹಾಗಿದ್ದರೂ ನಾವು ಮಧ್ಯವರ್ತಿಯ ಕೈಗೆ ಸಾವಿರ ರೂಪಾಯಿ ಕೊಡುತ್ತೇವೆಯೇ ಹೊರತು ಸಕಾಲದ ಸ್ವೀಕೃತಿ ಪತ್ರವನ್ನು ಕೇಳುವುದಿಲ್ಲ.

ಮೂರನೆಯದು, 2005ರ ಮಾಹಿತಿ ಹಕ್ಕು ಕಾಯ್ದೆ. 10 ರೂಪಾಯಿ ಶುಲ್ಕ, ಒಂದು ಬಿಳಿ ಹಾಳೆ. 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಆದ್ದರಿಂದ ಕೋಪವನ್ನೆಲ್ಲ ಅದರಲ್ಲಿ ತುಂಬಬೇಡಿ. ಈ ಬೀದಿಯ ಚರಂಡಿ ಕಾಮಗಾರಿಗೆ ಕಳೆದ ಮೂರು ವರ್ಷಗಳಲ್ಲಿ ಮಂಜೂರಾದ ಮೊತ್ತವೆಷ್ಟು, ಕಾಮಗಾರಿ ಆದೇಶದ ಪ್ರತಿ ಕೊಡಿ ಎಂದು ಎರಡು ಸಾಲು ಬರೆದರೆ ಸಾಕು. ಉತ್ತರ ಬರದಿದ್ದರೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು.

ನಾಲ್ಕನೆಯದು ಮತ್ತು ಅತಿ ಮುಖ್ಯವಾದುದು, ಒಬ್ಬಂಟಿಯಾಗಿ ಹೋಗದಿರುವುದು. ಒಬ್ಬನ ಅರ್ಜಿಯನ್ನು ಕಡೆಗಣಿಸುವುದು ಸುಲಭ, ನಲವತ್ತು ಸಹಿಗಳಿರುವ ಅರ್ಜಿಯನ್ನು ಕಡೆಗಣಿಸುವುದು ಕಷ್ಟ. ಆ ನಲವತ್ತರಲ್ಲಿ ಎಲ್ಲರ ಸಹಿಗಳೂ ಇರಲಿ. ನಮ್ಮ ಬೀದಿಯಲ್ಲಿ ಅಬ್ದುಲ್ಲರೂ ಇದ್ದಾರೆ, ಆನಂದರೂ ಇದ್ದಾರೆ, ಆಂಟನಿಯವರೂ ಇದ್ದಾರೆ. ಮೂವರ ಮನೆಗೂ ನುಗ್ಗುವುದು ಒಂದೇ ಚರಂಡಿಯ ನೀರು. ನಮ್ಮ ಮೊಹಲ್ಲಾ ಅಂದರೆ ಹೀಗೆಯೇ ಇರುವುದು ಎಂಬ ನಿರಾಶೆಯ ಮಾತನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ನಿರ್ಲಕ್ಷ್ಯ ಇರಬಹುದು, ತಾರತಮ್ಯವೂ ಇರಬಹುದು. ಆದರೆ ಅದನ್ನು ಸಾಬೀತುಪಡಿಸಲಿಕ್ಕೂ ಕಾಗದ ಬೇಕು. ಯಾವ ವಾರ್ಡಿಗೆ ಎಷ್ಟು ಹಣ ಹೋಯಿತೆಂಬ ಲೆಕ್ಕ ಕೈಯಲ್ಲಿಲ್ಲದ ದೂರು ಬರೀ ನಿಟ್ಟುಸಿರಾಗುತ್ತದೆ.

ಇನ್ನು ಆ ಮುರಿದ ಚಪ್ಪಡಿಯ ಕತೆಯನ್ನು ಮುಗಿಸಬೇಕಲ್ಲ. ಕೊನೆಗೂ ನಾವು ಬರೆದೆವು. ಬರೆಯಲು ಹೇಳಿದವರು ಹಾಸಿಗೆಯಲ್ಲಿದ್ದ ಆ ಮೇಷ್ಟ್ರೇ. ನನ್ನನ್ನು ನೋಡಲು ಹಣ್ಣು ತಂದಿದ್ದೀರಿ, ಅದರ ಬದಲು ಒಂದು ಹಾಳೆ ತನ್ನಿ ಎಂದರು ಅವರು. ಅರ್ಜಿಯ ಒಕ್ಕಣೆಯನ್ನೂ ಅವರೇ ಹೇಳಿದರು. ಮೂವತ್ತೊಂದು ಮನೆಗಳವರು ಸಹಿ ಹಾಕಿದರು. ಮೊದಲ ಕಚೇರಿಯವರು ಅದು ನಮಗೆ ಸಂಬಂಧಿಸಿದ್ದಲ್ಲ ಎಂದರು. ಎರಡನೆಯ ಕಚೇರಿಯವರೂ ಹಾಗೆಯೇ ಅಂದರು. ಆಗ, ಈ ಚರಂಡಿ ಯಾವ ಕಚೇರಿಯ ವ್ಯಾಪ್ತಿಗೆ ಸೇರುತ್ತದೆ ಎಂಬ ಒಂದೇ ಪ್ರಶ್ನೆಯ ಮಾಹಿತಿ ಹಕ್ಕು ಅರ್ಜಿಯನ್ನು ಸಲ್ಲಿಸಿದೆವು. ಲಿಖಿತ ಉತ್ತರ ಬಂತು. ಅದು ಮೊದಲು ಹೋದ ಕಚೇರಿಗೇ ಸೇರಿತ್ತು. ಆ ಉತ್ತರದ ಪ್ರತಿಯನ್ನು ಹಿಡಿದು ಮತ್ತೆ ಹೋದ ಎರಡನೆಯ ವಾರದಲ್ಲಿ ಹೊಸ ಚಪ್ಪಡಿ ಬಂತು. ನಾವು ಫ್ಲೆಕ್ಸ್ ಕಟ್ಟಲಿಲ್ಲ. ಕಲ್ಲು ಹೊತ್ತು ತಂದ ಕಾರ್ಮಿಕರಿಗೆ ಚಹಾ ಕೊಟ್ಟೆವು.

ಎಲ್ಲವೂ ಸರಿಯಾಯಿತೆಂದು ಹೇಳಿ ನಿಮ್ಮನ್ನು ನಂಬಿಸುವುದಿಲ್ಲ. ಅಲ್ಲಿಂದ ನಾಲ್ಕು ಮನೆಗಳಾಚೆ ಇನ್ನೊಂದು ಚಪ್ಪಡಿ ಅಲುಗಾಡುತ್ತಿದೆ. ಮಾಹಿತಿ ಹಕ್ಕು ಅರ್ಜಿಗಳಿಗೆ ಉತ್ತರ ಬಾರದ ಉದಾಹರಣೆಗಳೂ ಇವೆ. ಮೇಲ್ಮನವಿಗಳು ವರ್ಷಗಟ್ಟಲೆ ಕೊಳೆಯುವುದೂ ಇದೆ. ಮೇಷ್ಟ್ರು ಈಗ ಕೋಲೂರಿ ನಡೆಯುತ್ತಾರೆ, ಅವರ ಕಾಲು ಮೊದಲಿನಂತಾಗಲಿಲ್ಲ. ನಾಲ್ಕು ತಿಂಗಳ ನಮ್ಮ ಮೌನದ ಬೆಲೆಯನ್ನು ಯಾವ ಅರ್ಜಿಯೂ ಹಿಂದಿರುಗಿಸಲಾರದು. ಆದರೆ ಒಂದು ಬದಲಾವಣೆ ಆಗಿದೆ. ನಮ್ಮ ಬೀದಿಯಲ್ಲಿ ಈಗ ಒಂದು ನೋಟುಪುಸ್ತಕವಿದೆ. ಯಾವ ದಿನ ನೀರು ಬರಲಿಲ್ಲ, ಯಾವ ದಿನ ಕಸದ ಆಟೋ ಬರಲಿಲ್ಲ, ಯಾವ ಅರ್ಜಿಗೆ ಯಾವ ಸಂಖ್ಯೆ ಬಿದ್ದಿದೆ ಎಂಬುದನ್ನೆಲ್ಲ ಅದರಲ್ಲಿ ಬರೆಯಲಾಗುತ್ತಿದೆ. ಬರೆಯುವವಳು ಪಿಯುಸಿ ಓದುವ ಒಬ್ಬ ಹುಡುಗಿ. ಮುಂದೆ ಮತ ಕೇಳಲು ಯಾರೇ ಬರಲಿ, ಆ ಪುಸ್ತಕವನ್ನು ಅವರ ಮುಂದಿಡುವುದೆಂದು ತೀರ್ಮಾನಿಸಿದ್ದೇವೆ. ನನಗೇನು ಕೊಡುತ್ತೀರಿ ಎಂದು ನಾವು ಕೇಳುವುದಿಲ್ಲ. ವಾರ್ಡ್ ಸಮಿತಿಯ ಸಭೆಯನ್ನು ತಪ್ಪದೆ, ಎಲ್ಲರೆದುರು ನಡೆಸುತ್ತೀರಾ ಎಂದು ಕೇಳುತ್ತೇವೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇಂದು ಮನೆಗೆ ನಡೆದು ಹೋಗುವಾಗ ನಿಮ್ಮ ಬೀದಿಯನ್ನು ಒಮ್ಮೆ ಸರಿಯಾಗಿ ನೋಡಿ. ಎಲ್ಲಾದರೊಂದು ಕಡೆ ಗುಂಡಿಯಲ್ಲಿ ನೆಟ್ಟ ಒಣ ಕೊಂಬೆ ಕಂಡೇ ಕಾಣುತ್ತದೆ. ಅದನ್ನು ಎಷ್ಟು ದಿನಗಳಿಂದ ದಾಟಿಕೊಂಡು ಹೋಗುತ್ತಿದ್ದೀರೆಂದು ಲೆಕ್ಕ ಹಾಕಿ. ಆಮೇಲೆ ನೆರೆಮನೆಯವರ ಬಾಗಿಲು ತಟ್ಟಿ, ಒಂದು ಹಾಳೆ ತೆಗೆದುಕೊಂಡು ಕುಳಿತುಕೊಳ್ಳಿ. ಈ ವಾರವೇ ಒಂದು ಅರ್ಜಿ ನಿಮ್ಮ ಬೀದಿಯಿಂದ ಹೋಗಲಿ, ಅದರ ಮೇಲೆ ಒಂದು ಮೊಹರು ಬೀಳಲಿ.